ಬೋರ್ಡಣ್ಣನ ಎರಡನೇ ಕೋಟು

ಜೈಲಿಗೆ ಹೋಗುವವರಲ್ಲಿ ನಾನಾ ಬಗೆ. ಕಳ್ಳತನ ಮಾಡಿ ಹೋಗುವವರು, ಕೈಮಾಡಿ ಹೋಗುವವರು, ನ್ಯಾಯಕ್ಕಾಗಿ ಹೋರಾಡಿ ಎದೆಯುಬ್ಬಿಸಿಕೊಂಡು ಹೋಗುವವರು. ಒಣಗಿದ ಬಣ್ಣದ ಮೇಲೆ ಇನ್ನೊಂದು ಸಲ ಬಣ್ಣ ಬಳಿಯಲು ಹೋಗಿ ಜೈಲು ಕಂಡವನು ಮಾತ್ರ ನಮ್ಮ ಬೋರ್ಡಣ್ಣನೊಬ್ಬನೇ ಇರಬೇಕು.

ಬೋರ್ಡು ಬರೆಯುವುದು ಅವನ ಕಸುಬು. ಮೂವತ್ತು ವರ್ಷಗಳಲ್ಲಿ ಊರಿನ ದಿನಸಿ ಅಂಗಡಿಯಿಂದ ಹಿಡಿದು ಹೆರಿಗೆ ಆಸ್ಪತ್ರೆಯವರೆಗೆ ಅವನ ಅಕ್ಷರ ಬೀಳದ ಬಾಗಿಲು ಉಳಿದಿರಲಿಲ್ಲ. ಅವನದೊಂದು ನೇಮವಿತ್ತು. ಇವತ್ತು ಬರೆದ ಬೋರ್ಡಿಗೆ ನಾಳೆ ಹೋಗಿ ಎರಡನೇ ಕೋಟು ಕೊಡಲೇಬೇಕು. ಗಿರಾಕಿ "ಚೆನ್ನಾಗೇ ಇದೆ, ಬಿಡಿ" ಅಂದರೂ ಬಿಡುವ ಆಸಾಮಿಯಲ್ಲ. "ಮೊದಲನೇ ಕೋಟು ನಿಮಗೆ, ಎರಡನೇದು ನನ್ನ ಮರ್ಯಾದೆಗೆ" ಎನ್ನುತ್ತ ಏಣಿ ಹತ್ತಿಬಿಡುತ್ತಿದ್ದ. ಮದುವೆಯಾದ ಮರುದಿನ ಬೆಳಿಗ್ಗೆ ಒಂದು ಔಷಧಿ ಅಂಗಡಿಗೆ ಎರಡನೇ ಕೋಟು ಕೊಡಲು ಎದ್ದು ಹೋಗಿದ್ದನ್ನು ಅವನ ಹೆಂಡತಿ ಇಪ್ಪತ್ತಾರು ವರ್ಷವಾದರೂ ಮರೆತಿರಲಿಲ್ಲ, ಅವನಿಗೆ ಮರೆಯಲು ಬಿಟ್ಟಿರಲೂ ಇಲ್ಲ.

ಕೈ ಇಷ್ಟು ಹದ್ದುಬಸ್ತಿನಲ್ಲಿದ್ದ ಮನುಷ್ಯನಿಗೆ ದೇವರು ಬಾಯಿಯನ್ನು ಮಾತ್ರ ಸಡಿಲವಾಗಿ ಕೊಟ್ಟಿದ್ದ. ನಡೆದ ಸಂಗತಿಯನ್ನು ನಡೆದ ಹಾಗೆ ಹೇಳಿ ಅಭ್ಯಾಸವೇ ಇಲ್ಲ. ಮಾತಿಗೂ ಅವನು ಎರಡನೇ ಕೋಟು ಕೊಡುತ್ತಿದ್ದ.

ಆ ವರ್ಷ ಊರಿನಲ್ಲಿ ನೀರಿನ ಗಲಾಟೆ ಎದ್ದಿತು. ಮೂರು ದಿನಕ್ಕೊಮ್ಮೆ ಬರುತ್ತಿದ್ದ ನೀರು ಆರು ದಿನಕ್ಕೊಮ್ಮೆಯಾಯಿತು, ಆಮೇಲೆ ನೀರಿನ ಬದಲು ನೀರು ಬರುತ್ತದೆಂಬ ಸುದ್ದಿ ಮಾತ್ರ ಬರತೊಡಗಿತು. ಜನ ಖಾಲಿ ಕೊಡ ಹಿಡಿದು ಬೀದಿಗಿಳಿದರು. ಸರ್ಕಾರ ಹೆದರಿ, ನೀರು ಸರಬರಾಜು ಕೇಂದ್ರವನ್ನು ನಿಷೇಧಿತ ಪ್ರದೇಶವೆಂದು ಘೋಷಿಸಿತು. ಘೋಷಿಸಿದರೆ ಸಾಕೆ, ಬೋರ್ಡು ಬೇಡವೆ? ಕೇಂದ್ರದ ಇಂಜಿನಿಯರು ಬೋರ್ಡಣ್ಣನನ್ನು ಕರೆಸಿದರು. ಸಂಜೆಯೊಳಗೆ ಗೇಟಿನಿಂದ ನಾಲ್ಕು ಹೆಜ್ಜೆ ಒಳಗೆ, ಎರಡು ಎತ್ತರದ ಕಂಬಗಳ ಮೇಲೆ, ಬಿಳಿಯ ತಗಡಿನಲ್ಲಿ ಕೆಂಪಕ್ಷರಗಳು ರಸ್ತೆಯತ್ತ ಮುಖಮಾಡಿ ನಿಂತವು: "ನಿಷೇಧಿತ ಪ್ರದೇಶ. ಅಪ್ಪಣೆಯಿಲ್ಲದೆ ಒಳಬರುವವರು ಶಿಕ್ಷೆಗೆ ಗುರಿಯಾಗುತ್ತಾರೆ."

ಆ ಗೇಟಿನ ಕಾವಲುಗಾರ ಬೇರೆ ಯಾರೂ ಅಲ್ಲ, ಬೋರ್ಡಣ್ಣನ ಬಾಮೈದ, ಹೆಂಡತಿಯ ಒಡಹುಟ್ಟಿದ ತಮ್ಮ. ಹದಿನೆಂಟು ವರ್ಷದ ಸರ್ವಿಸಿನಲ್ಲಿ ಒಂದು ದಿನ ತಡವಾಗಿ ಬಂದವನಲ್ಲ, ಒಂದು ಮಾತು ಹೆಚ್ಚಿಗೆ ಆಡಿದವನಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳೊಂದಿಗೆ ಕೇಂದ್ರದವರು ಕೊಟ್ಟ ಎರಡು ಕೋಣೆಯ ಮನೆಯಲ್ಲಿ ಇದ್ದ. ಆ ನೌಕರಿ ಬಿಟ್ಟರೆ ಅವನಿಗೆ ಬೇರೆ ಗತಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ, ಊರೆಲ್ಲ ಅಂಗಡಿ ಮುಚ್ಚಿಕೊಂಡು ಕೂತಿದ್ದಾಗ, ಬೋರ್ಡಣ್ಣ ಹೆಗಲ ಮೇಲೆ ಏಣಿ, ಕೈಯಲ್ಲಿ ಕೆಂಪು ಬಣ್ಣದ ಡಬ್ಬ ಹಿಡಿದು ಗೇಟಿನ ಮುಂದೆ ಪ್ರತ್ಯಕ್ಷನಾದ.

"ಭಾವ, ಇವತ್ತು ಯಾರನ್ನೂ ಒಳಗೆ ಬಿಡಬಾರದು ಅಂತ ಆರ್ಡರಾಗಿದೆ. ಮನೆಗೆ ಹೋಗಿ," ಎಂದ ಬಾಮೈದ.

"ಯಾರನ್ನೂ ಅಂದ್ರೆ ನನ್ನನ್ನೂ ಸೇರಿಸಿಯೇನೋ? ಆ ಬೋರ್ಡು ಬರೆದೋನು ನಾನು. ಬರೆದೋನಿಗೇ ಬೋರ್ಡು ತೋರಿಸ್ತೀಯಾ?"

"ಬರೆದೋರನ್ನ ಬಿಟ್ಟು ಅಂತ ಬೋರ್ಡಲ್ಲಿ ಇಲ್ವಲ್ಲ ಭಾವ."

"ಜಾಗ ಸಾಲಲಿಲ್ಲ, ಬರೀಲಿಲ್ಲ."

ಬಾಮೈದ ರಸ್ತೆಯ ತುದಿಯತ್ತ ನೋಡಿದ. "ಜನ ಈ ಕಡೆಗೇ ಬರ್ತಾ ಇದಾರಂತೆ ಭಾವ. ನನ್ನ ಹೊಟ್ಟೆಗೆ ಕಲ್ಲು ಹಾಕ್ಬೇಡಿ."

"ಅದಕ್ಕೇ ಕಣೋ ನಾನೂ ಅವಸರ ಮಾಡ್ತಿರೋದು. ಊರಿಗೆ ಊರೇ ಬಂದು ಓದೋ ದಿನ, ಒಂದೇ ಕೋಟಲ್ಲಿ ನಿಲ್ಲಿಸಿದ್ರೆ ನಾಳೆ ನಾನು ತಲೆ ಎತ್ಕೊಂಡು ತಿರುಗೋದು ಹೇಗೆ? ಹತ್ತೇ ನಿಮಿಷ."

ಅಕ್ಕನ ಗಂಡ. ಚಿಕ್ಕಂದಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಓದಿಸಿದವನು, ಈ ನೌಕರಿಗೆ ಅರ್ಜಿ ಬರೆದುಕೊಟ್ಟವನು. ಬಾಮೈದ ಸುತ್ತ ನೋಡಿ, ದೊಡ್ಡ ಗೇಟಿನ ಪಕ್ಕದ ಸಣ್ಣ ಗೇಟು ತೆಗೆದ. ಅಷ್ಟೇ ಅಲ್ಲ, ನೆಲ ಏರುತಗ್ಗಾಗಿದ್ದರಿಂದ ಏಣಿಯನ್ನೂ ಹಿಡಿದುಕೊಂಡು ನಿಂತ. ಚಿಲಕ ಹಾಕಲು ಮೂರನೆಯ ಕೈ ಇರಲಿಲ್ಲ.

ಬೋರ್ಡಣ್ಣ ಮೊದಲ ಸಾಲು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದ್ದ, ಅಷ್ಟರಲ್ಲಿ ಜನ ಬಂದರು. ತೆರೆದ ಗೇಟು ಕಂಡಮೇಲೆ ಯಾರು ಬೋರ್ಡು ಓದುತ್ತಾರೆ? ನುಗ್ಗಿದರು. ಬಾಮೈದ "ನಿಲ್ಲಿ, ನಿಲ್ಲಿ" ಎಂದು ಓಡಿ ಹೋಗಿ ಅವರ ನಡುವೆ ಮುಳುಗಿಯೇ ಹೋದ. ಏಣಿ ಅಲ್ಲಾಡಿತು, ಡಬ್ಬ ಮಗುಚಿ ಕೆಳಗಿದ್ದವರ ತಲೆಯ ಮೇಲೆ ಕೆಂಪು ಅಭಿಷೇಕವಾಯಿತು. ಯಾರೋ ಕಂಬ ಹಿಡಿದು ಜಗ್ಗಿದರು. ಬೋರ್ಡಣ್ಣ ಏಣಿಯ ತುದಿಯಲ್ಲಿ ನಿಂತು, ಬ್ರಷ್ಷು ಮೇಲೆತ್ತಿ, ಗಂಟಲು ಹರಿಯುವಂತೆ ಕೂಗಿದ: "ಮುಟ್ಟಬೇಡ್ರೋ! ಹಸಿ ಇದೆ! ಹಸಿ ಇದೆ!"

ಯಾರೂ ಕೇಳಲಿಲ್ಲ. ಬೋರ್ಡು ಕೆಳಗೆ ಬಿತ್ತು, ಅದರ ಮೇಲೆ ನಲವತ್ತು ಜನ ಹಾದುಹೋದರು. ಒಳಗೆ ನೋಡಿದರೆ, ಊರಿನ ನಲ್ಲಿಗಳಿಗೆ ಇಲ್ಲದ ನೀರು ಇಂಜಿನಿಯರ ಹುಲ್ಲುಹಾಸಿನ ಮೇಲೆ ಚಿಮ್ಮುತ್ತಿತ್ತು. ಅದನ್ನು ಕಂಡಮೇಲೆ ಜನರ ಸಿಟ್ಟು ನೆತ್ತಿಗೇರಿತು. ನಾಲ್ಕು ಕಿಟಕಿ ಒಡೆದವು, ಆರು ಕುರ್ಚಿ ಮುರಿದವು. ಬಹಳ ಮಂದಿ ಮಾತ್ರ ಕೊಡ ತುಂಬಿಸಿಕೊಂಡು ಮನೆಗೆ ಹೋದರು.

ಸಂಜೆ ಬಾಮೈದ ಅಕ್ಕನ ಮನೆಗೆ ಬಂದ. ಹಣೆಯ ಮೇಲೆ ಪಟ್ಟಿ.

"ಭಾವ, ಜನ ನೂಕಿ ಗೇಟು ತೆಗೆದ್ರು ಅಂತ ಬರೆದುಕೊಟ್ಟಿದ್ದೀನಿ. ನಾನು ತೆಗೆದದ್ದು ನಿಮಗೂ ನನಗೂ ಬಿಟ್ರೆ ಬೇರೆಯವರಿಗೆ ಗೊತ್ತಿಲ್ಲ. ದಯವಿಟ್ಟು ಬಾಯಿ ಬಿಡಬೇಡಿ."

"ನಾನಾ? ನಾನು ಬಾಯಿ ಬಿಡೋದಾ?" ಎಂದ ಬೋರ್ಡಣ್ಣ, ಘೋರ ಅವಮಾನವಾದವನಂತೆ. ಹೆಂಡತಿ ಇಬ್ಬರನ್ನೂ ನೋಡಿ ನಿಟ್ಟುಸಿರು ಬಿಟ್ಟಳು.

ಅವನು ಬಾಯಿ ಬಿಡುತ್ತಿರಲಿಲ್ಲವೇನೋ. ಆದರೆ ಮರುದಿನ ಪತ್ರಿಕೆ ಬಂತು. ಮೊದಲ ಪುಟದಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ, ಏಣಿಯ ಮೇಲೆ ಬೋರ್ಡಣ್ಣ! ಮುಷ್ಟಿಯಲ್ಲಿ ಬ್ರಷ್ಷು, ತೆರೆದ ಬಾಯಿ, ಕಣ್ಣಲ್ಲಿ ಕಿಡಿ, ಕೆಳಗೆ ಜನಸಾಗರ. "ಜನರನ್ನು ಹುರಿದುಂಬಿಸುತ್ತಿರುವ ನಾಯಕ" ಎಂದು ಅಡಿಬರಹ. ಐವತ್ತೆರಡು ವರ್ಷ ಯಾರೂ ಅವನ ಫೋಟೋ ಕೇಳಿ ತೆಗೆದಿರಲಿಲ್ಲ. ಬೋರ್ಡಣ್ಣ ಅದನ್ನು ಮೊದಲು ಭಯದಿಂದ ನೋಡಿದ, ಆಮೇಲೆ ಕನ್ನಡಕ ಹಾಕಿಕೊಂಡು ನೋಡಿದ, ಆಮೇಲೆ ಕನ್ನಡಿಯ ಪಕ್ಕದಲ್ಲಿಟ್ಟು ನೋಡಿದ. ಭಯ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಬೀದಿಗೆ ಕಾಲಿಟ್ಟರೆ ಲೋಕವೇ ಬದಲಾಗಿತ್ತು. ಮಾತಾಡಿಸದಿದ್ದ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಎದ್ದು ನಿಂತು ಕೈ ಕುಲುಕಿದರು. "ಇಷ್ಟು ದಿನ ಬೆಂಕಿ ಪಕ್ಕದಲ್ಲೇ ವಾಸ ಮಾಡ್ತಿದ್ದೆ, ಗೊತ್ತೇ ಆಗಲಿಲ್ಲ ನೋಡಿ," ಎಂದರು. ಕ್ಷೌರದಂಗಡಿಯಲ್ಲಿ ಕಾದಿದ್ದ ನಾಲ್ವರನ್ನು ಎಬ್ಬಿಸಿ ಇವನನ್ನು ಕುರ್ಚಿಯಲ್ಲಿ ಕೂರಿಸಲಾಯಿತು.

"ಅಣ್ಣಾ, ಅಲ್ಲಿ ಏನು ಕೂಗಿದ್ರಿ, ಒಂಚೂರು ಹೇಳಿ," ಎಂದ ಕ್ಷೌರಿಕ, ಕತ್ತರಿ ನಿಲ್ಲಿಸಿ.

ಹಸಿ ಇದೆ ಎಂದು ಕೂಗಿದೆ ಎನ್ನುವುದಕ್ಕೆ ಯಾವ ನಾಯಕನಿಗಾದರೂ ನಾಲಿಗೆ ಹೊರಳುತ್ತದೆಯೇ? "ಆ ಹೊತ್ತಿಗೆ ಏನು ಕೂಗ್ಬೇಕೋ ಅದನ್ನೇ ಕೂಗಿದೆ," ಎಂದ ಬೋರ್ಡಣ್ಣ.

"ಅಷ್ಟು ದೊಡ್ಡ ಗೇಟು, ಹೇಗೆ ಒಡೆದ್ರಿ?"

ಇಲ್ಲಿಗೇ ಸುಮ್ಮನಾಗಿದ್ದರೆ ಈ ಕಥೆ ಇರುತ್ತಿರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಒಡೆಯೋದಾ? ನನಗಾ?" ಬೋರ್ಡಣ್ಣ ನಕ್ಕ. "ನನ್ನ ಮುಖ ನೋಡಿದ್ದೇ ತಡ, ಒಳಗಿನವರೇ ಗೇಟು ತೆಗೆದು, ಬನ್ನಿ ಅಂತ ಕರ್ಕೊಂಡ್ರು. ಏಣಿ ಬೇರೆ ಹಿಡ್ಕೊಂಡ್ರು."

ಅಂಗಡಿಯಲ್ಲಿ ಚಪ್ಪಾಳೆ ಬಿತ್ತು. ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದವನು ಮಾತ್ರ ಚಪ್ಪಾಳೆ ತಟ್ಟಲಿಲ್ಲ. ನೊರೆ ಒರೆಸಿದ ಮೇಲೆ ನೋಡಿದರೆ ಠಾಣೆಯ ಹೆಡ್ ಕಾನ್‌ಸ್ಟೇಬಲ್.

ಆಮೇಲೆ ಎಲ್ಲವೂ ಸರಸರನೆ ನಡೆದವು. ಕೈಗೋ ಬಟ್ಟೆಗೋ ಕೆಂಪು ಬಣ್ಣ ಅಂಟಿದವರನ್ನೆಲ್ಲ ಪೊಲೀಸರು ಹುಡುಕಿ ಹಿಡಿದರು. ಬೋರ್ಡಣ್ಣನ ಕೈ ಮೂವತ್ತು ವರ್ಷದಿಂದ ಕೆಂಪು, ಅವನನ್ನು ಹುಡುಕುವ ಕಷ್ಟವೂ ಇರಲಿಲ್ಲ. ನಿಷೇಧಿತ ಸರ್ಕಾರಿ ಜಾಗಕ್ಕೆ ಅಕ್ರಮ ಪ್ರವೇಶವೆಂದು ಒಟ್ಟು ನಲವತ್ತೊಂದು ಜನರ ಮೇಲೆ ಕೇಸು ಬಿತ್ತು. ನಲವತ್ತೆರಡನೆಯ ಹೆಸರು ಕಾವಲುಗಾರನದು: ಗಲಭೆಕೋರರಿಗೆ ಗೇಟು ತೆರೆದು ಸಹಕರಿಸಿದ, ಸುಳ್ಳು ವರದಿ ಕೊಟ್ಟ. ಅವತ್ತೇ ಅವನನ್ನು ಅಮಾನತಿನಲ್ಲಿಟ್ಟರು. ವಾರದೊಳಗೆ ಮನೆ ಖಾಲಿ ಮಾಡಿಸಿದರು.

ಜಾಮೀನಿನ ಮೇಲೆ ಬಂದ ಬೋರ್ಡಣ್ಣ ಮನೆಯ ಬಾಗಿಲಲ್ಲಿ ಟ್ರಂಕು, ಹಾಸಿಗೆ ಸುರುಳಿ, ಮಕ್ಕಳ ಶಾಲೆಚೀಲಗಳನ್ನು ಕಂಡ. ಬಾಮೈದನ ಸಂಸಾರ ಅವನ ಮನೆಗೇ ಬಂದಿತ್ತು. ಹೋಗಲು ಬೇರೆ ಜಾಗವೆಲ್ಲಿತ್ತು? ಹೆಣ್ಣುಮಕ್ಕಳಿಬ್ಬರು ಬಣ್ಣದ ಡಬ್ಬಗಳ ನಡುವೆ ಹಾಸಿಗೆ ಬಿಡಿಸಿಕೊಳ್ಳುತ್ತಿದ್ದರು.

"ಬನ್ನಿ ನಾಯಕರೇ," ಎಂದಳು ಹೆಂಡತಿ. "ಫೋಟೋ ಚೆನ್ನಾಗಿ ಬಂದಿತ್ತಲ್ಲ, ಕಟ್ಟು ಹಾಕಿಸಿ ನನ್ನ ತಮ್ಮನ ಕುತ್ತಿಗೆಗೆ ನೇತುಹಾಕಿ." ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ಅತ್ತಳು.

ಬಾಮೈದ ಬೈದಿದ್ದರೆ ಬೋರ್ಡಣ್ಣನಿಗೆ ಸಮಾಧಾನವಾಗುತ್ತಿತ್ತು. ಅವನು ಬೈಯಲಿಲ್ಲ. ಊಟಕ್ಕೆ ಕೂತಾಗ "ಭಾವ, ನೀರಿನ ಚೊಂಬು ಈ ಕಡೆ ಕೊಡಿ" ಎನ್ನುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಬೆಳಿಗ್ಗೆ ಆರಕ್ಕೆ ಎದ್ದು, ಇಸ್ತ್ರಿ ಮಾಡಿದ ಸಮವಸ್ತ್ರವನ್ನು ಟ್ರಂಕಿನಿಂದ ತೆಗೆದು ನೋಡಿ, ಮತ್ತೆ ಮಡಚಿ ಇಡುತ್ತಿದ್ದ. ಬೋರ್ಡಣ್ಣ ಕಂಬಳಿಯೊಳಗಿಂದ ಅದನ್ನು ದಿನವೂ ನೋಡುತ್ತಿದ್ದ, ನಿದ್ದೆಯಲ್ಲಿರುವವನಂತೆ. ತನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕೆನಿಸುತ್ತಿತ್ತು. ಊರಿನ ಜನ ಬೀದಿಯಲ್ಲಿ ಮಾತಾಡಿಸುವುದನ್ನು ಆಗಲೇ ಬಿಟ್ಟಿದ್ದರು. ನಾಯಕನ ಜೊತೆ ನಿಂತರೆ ತಮ್ಮ ಕೈಗೂ ಬಣ್ಣ ಅಂಟೀತೆಂದು ಪೋಸ್ಟ್‌ಮಾಸ್ಟರು ಕಿಟಕಿಯನ್ನೇ ಮುಚ್ಚಿಕೊಂಡರು.

ಕೇಸಿನಲ್ಲಿದ್ದ ನಲವತ್ತೆರಡೂ ಜನರಿಗೆ ಸೇರಿ ಒಬ್ಬರೇ ವಕೀಲರು. ದಪ್ಪ ಕನ್ನಡಕದ, ಮೂಗಿನಲ್ಲಿ ಮಾತಾಡುವ, ಆದರೆ ಚುರುಕಿನ ಮನುಷ್ಯ. ಕಾನೂನು ಪುಸ್ತಕ ಮಗುಚಿ ಬೋರ್ಡಣ್ಣನನ್ನು ಹತ್ತಿರ ಕರೆದರು.

"ನೋಡ್ರೀ, ನಿಷೇಧಿತ ಜಾಗ ಅಂತ ಸ್ಪಷ್ಟವಾಗಿ ಓದೋ ಹಾಗೆ ಬೋರ್ಡು ಇರಬೇಕು ಅಂತ ಕಾನೂನು. ಇಲ್ಲದಿದ್ರೆ ಒಳಗೆ ಹೋದದ್ದು ಅಪರಾಧವೇ ಅಲ್ಲ. ಈಗ ಬೋರ್ಡು ತುಳಿದು ಅಳಿಸಿಹೋಗಿದೆ. ಜನ ಬರೋದಕ್ಕೆ ಮುಂಚೆ ಅದು ಹೇಗಿತ್ತು ಅಂತ ಹತ್ತಿರದಿಂದ ಕಂಡೋರು ನೀವು. ಅದು ಮೊದಲೇ ಕೆಟ್ಟಿತ್ತು ಅಂತ ಹೇಳಿಬಿಡಿ."

"ಕೆಟ್ಟಿತ್ತು ಅಂದ್ರೆ?"

"ಬಣ್ಣ ಇಳಿದಿತ್ತು, ಅಕ್ಷರ ಕಲಸಿಹೋಗಿತ್ತು, ಓದೋಕೆ ಆಗ್ತಿರಲಿಲ್ಲ. ಅದಕ್ಕೇ ತಿದ್ದೋಕೆ ಹೋಗಿದ್ದೆ ಅನ್ನಿ."

ಬೋರ್ಡಣ್ಣ ಕುರ್ಚಿಯಿಂದ ಎದ್ದೇಬಿಟ್ಟ. "ಸ್ವಾಮಿ, ಕಣ್ಣಿಗೆ ಪೊರೆ ಬಂದೋರು ರಸ್ತೆಯಾಚೆಯಿಂದ ಓದ್ತಾ ಇದ್ರು!"

"ಓದ್ತಾ ಇದ್ರು ಅನ್ನಿ, ನಿಮ್ಮ ಬಾಮೈದನ ನೌಕರಿಗೆ ಎಳ್ಳುನೀರು ಬಿಡಿ. ಜಾಗಕ್ಕೆ ನಿಷೇಧವೇ ಇಲ್ಲ ಅಂತಾದ್ರೆ ಅವನು ಗೇಟು ತೆಗೆದದ್ದು ತಪ್ಪೇ ಅಲ್ಲ. ಯೋಚನೆ ಮಾಡಿ."

ಬೋರ್ಡಣ್ಣ ಮನೆಗೆ ಹೋಗಿ ಕನ್ನಡಿಯ ಮುಂದೆ ನಿಂತು "ಕೆಟ್ಟಿತ್ತು" ಎಂದು ಹೇಳಿ ಅಭ್ಯಾಸ ಮಾಡಿದ. ಪ್ರತಿಸಲವೂ ಬಾಯಿಂದ ಬಂದದ್ದು "ಅಷ್ಟೇನೂ ಕೆಟ್ಟಿರಲಿಲ್ಲ" ಎಂದೇ.

ವಿಚಾರಣೆಯ ದಿನ ಕೋರ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ಷೌರದಂಗಡಿಗೆ ಕ್ಷೌರದಂಗಡಿಯೇ ಬಂದು ಕೂತಿತ್ತು. ಮೇಜಿನ ಮೇಲೆ ಮುರಿದು ಕಲಸಿಹೋದ ಬೋರ್ಡು. ಇಲ್ಲಿಂದ ಮುಂದೆ ನಡೆದದ್ದು ಬೋರ್ಡಣ್ಣನ ಬಾಳಿನಲ್ಲೇ ವಿಚಿತ್ರ. ಅವನನ್ನು ಜೈಲಿಗೆ ಕಳಿಸಬೇಕೆಂದಿದ್ದ ಸರ್ಕಾರಿ ವಕೀಲರು ಎದ್ದು ನಿಂತು ಅವನನ್ನು ಹೊಗಳತೊಡಗಿದರು.

"ಮಹಾಸ್ವಾಮಿ, ಆರೋಪಿ ಸಾಮಾನ್ಯ ಕೆಲಸಗಾರನಲ್ಲ. ಮೂವತ್ತು ವರ್ಷದ ಕೈ. ಈ ಊರಿನಲ್ಲಿ ಈತನ ಒಂದೇ ಒಂದು ಬೋರ್ಡು ಕಲಸಿಹೋದ ಉದಾಹರಣೆ ಇಲ್ಲ." ಶಾಲೆಯ ಡ್ರಾಯಿಂಗ್ ಮಾಸ್ತರರನ್ನು ತಜ್ಞಸಾಕ್ಷಿಯೆಂದು ಕರೆಸಿದರು. ಮಾಸ್ತರರು ಅಳಿಯದೆ ಉಳಿದಿದ್ದ ಮೂರಕ್ಷರಗಳನ್ನು ಭೂತಗನ್ನಡಿಯಲ್ಲಿ ನೋಡಿ, "ಇಂಥ ಕೈ ನಾನು ಕಂಡಿಲ್ಲ. ಮಕ್ಕಳಿಗೆ ಮಾದರಿಗೆ ಇಡಬಹುದು," ಎಂದರು. ಬೋರ್ಡಣ್ಣ ಅಂಗಿಯ ಕಾಲರು ಸರಿಮಾಡಿಕೊಂಡ. ಮೂವತ್ತು ವರ್ಷದಲ್ಲಿ ಯಾರೊಬ್ಬರೂ ಆಡದ ಮಾತು! ಅತ್ತ ಅವನದೇ ವಕೀಲರು ಎದ್ದು, "ಇದು ಕಾಗೆ ಕಾಲು ಗುಬ್ಬಿ ಕಾಲು, ಸ್ವಾಮಿ. ಕುಡಿದವನು ಬರೆದರೂ ಇದಕ್ಕಿಂತ ಚೆನ್ನಾಗಿರುತ್ತೆ," ಎಂದು ಹಳಿದರು. ಯಾರು ತನ್ನವರು, ಯಾರು ಎದುರಾಳಿ ಎಂದು ಬೋರ್ಡಣ್ಣನಿಗೆ ಗೊಂದಲವಾಯಿತು.

ನ್ಯಾಯಾಧೀಶರು ಅವನತ್ತ ತಿರುಗಿದರು. "ನೀವೇ ಹೇಳಿ. ಜನ ಬರುವ ಮುಂಚೆ ಈ ಬೋರ್ಡು ಓದಲು ಆಗುತ್ತಿತ್ತೇ?"

ಅವನು ಕಟಕಟೆಯಿಂದ ಎದುರಿನ ಸಾಲುಗಳತ್ತ ನೋಡಿದ. ಡ್ರಾಯಿಂಗ್ ಮಾಸ್ತರರು ಗೌರವದಿಂದ ನೋಡುತ್ತಿದ್ದರು. ಅವರ ಹಿಂದಿನ ಸಾಲಿನಲ್ಲಿ ಬಾಮೈದ, ಗುಂಡಿಗಳನ್ನೆಲ್ಲ ಹಾಕಿದ ಹಳೆಯ ಅಂಗಿಯಲ್ಲಿ, ಡ್ಯೂಟಿಯಲ್ಲಿದ್ದಾಗ ನಿಲ್ಲುವಂತೆಯೇ ನೆಟ್ಟಗೆ ನಿಂತಿದ್ದ.

"ಆಗ್ತಿರಲಿಲ್ಲ ಸ್ವಾಮಿ," ಎಂದ ಬೋರ್ಡಣ್ಣ. "ಎಣ್ಣೆ ಹೆಚ್ಚಾಗಿ ಬಣ್ಣ ಇಳಿದುಹೋಗಿತ್ತು. ಕೆಟ್ಟ ಕೆಲಸ. ತಿದ್ದೋಣ ಅಂತ ಹೋಗಿದ್ದೆ."

ಕೋರ್ಟು ಗುಜುಗುಜು ಎಂದಿತು. ಹಿಂದಿನಿಂದ ದಿನಸಿ ಅಂಗಡಿಯವನು, "ನಮ್ಮ ಅಂಗಡಿ ಬೋರ್ಡು ಇಳಿಸ್ಬೇಕು ಹಾಗಾದ್ರೆ," ಎಂದದ್ದು ಎಲ್ಲರಿಗೂ ಕೇಳಿಸಿತು. ಅವನ ವಕೀಲರು ಗೆದ್ದವರಂತೆ ಕೂತರು. ಆದರೆ ನ್ಯಾಯಾಧೀಶರು ಮುಗಿಸಿರಲಿಲ್ಲ.

"ಗೇಟು ತೆರೆದು ಒಳಗೆ ಕರೆದುಕೊಂಡರು, ಏಣಿ ಹಿಡಿದರು ಎಂದು ನೀವು ಹೇಳಿದ್ದಾಗಿ ಹೆಡ್ ಕಾನ್‌ಸ್ಟೇಬಲ್ ಸಾಕ್ಷಿ ಹೇಳಿದ್ದಾರೆ. ತೆರೆದವರು ಯಾರು?"

ಈ ಪ್ರಶ್ನೆಗೆ ವಕೀಲರು ಪಾಠ ಹೇಳಿಕೊಟ್ಟಿರಲಿಲ್ಲ. ಅವರು ಕನ್ನಡಕ ತೆಗೆದು, ಸುಮ್ಮನಿರಿ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಬೋರ್ಡಣ್ಣ ಅದನ್ನು ಕಂಡ. ಕಂಡರೂ ಬಾಯಿ ತೆರೆದ.

"ಯಾರೂ ತೆಗೀಲಿಲ್ಲ ಸ್ವಾಮಿ. ಕಾವಲುಗಾರ ಬೇಡ ಅಂದ. ಅವನು ಆ ಕಡೆ ತಿರುಗಿದಾಗ ನಾನೇ ಕಂಬಿ ಸಂದಿಯಿಂದ ಕೈ ಹಾಕಿ ಚಿಲಕ ತೆಗೆದೆ. ಅವನಿಗೆ ಅದು ಗೊತ್ತೇ ಇಲ್ಲ. ಜನ ನೂಕಿದ್ರು ಅಂತಾನೇ ಅಂದ್ಕೊಂಡಿದ್ದಾನೆ ಪಾಪ."

"ಹಾಗಾದರೆ ಕ್ಷೌರದಂಗಡಿಯಲ್ಲಿ ಹೇಳಿದ್ದು?"

"ಅದು ಬುರುಡೆ ಸ್ವಾಮಿ." ಅವನು ಕ್ಷೌರದಂಗಡಿಯ ಮಂದಿಯತ್ತ ನೋಡಲಿಲ್ಲ. "ನಾನು ಬುರುಡೆ ಮನುಷ್ಯ. ಊರಿಗೇ ಗೊತ್ತು. ಅಲ್ಲಿ ನಾನು ಯಾರನ್ನೂ ಹುರಿದುಂಬಿಸಲಿಲ್ಲ. ಬಣ್ಣ ಹಸಿ ಇದೆ, ಮುಟ್ಟಬೇಡಿ ಅಂತ ಬಡ್ಕೊಂಡೆ, ಅಷ್ಟೇ."

ಮೊದಲು ಕ್ಷೌರಿಕ ನಕ್ಕ. ಆಮೇಲೆ ಇಡೀ ಕೋರ್ಟು ನಕ್ಕಿತು. ಮೇಜು ಕುಟ್ಟಿ ಸುಮ್ಮನಾಗಿಸಬೇಕಾದ ಬೆಂಚ್ ಗುಮಾಸ್ತರೂ ಬಾಯಿಗೆ ಕರವಸ್ತ್ರ ಒತ್ತಿಕೊಂಡರು. ಬೋರ್ಡಣ್ಣ ತಲೆತಗ್ಗಿಸಿ ನಿಂತಿದ್ದ. ನಾಯಕನ ಪಟ್ಟ ಕೊಟ್ಟ ಜನವೇ ನಗುತ್ತಿತ್ತು, ಮಾಡಿದ್ದುಣ್ಣೋ ಮಹಾರಾಯ.

ಮಧ್ಯಾಹ್ನದ ಮೇಲೆ ತೀರ್ಪು ಬಂತು. ಬೋರ್ಡು ಓದುವಂತಿತ್ತೆಂದು ಸಾಬೀತಾಗಿಲ್ಲ, ಆದ್ದರಿಂದ ಅಕ್ರಮ ಪ್ರವೇಶದ ಆರೋಪದಿಂದ ನಲವತ್ತು ಜನರಿಗೆ ಬಿಡುಗಡೆ. ಕಾವಲುಗಾರನದು ತಪ್ಪಿಲ್ಲ, ಕೂಡಲೇ ಕೆಲಸಕ್ಕೆ ಸೇರಿಸಿಕೊಳ್ಳಬೇಕು. ಉಳಿದದ್ದು ಒಬ್ಬ. "ಬೋರ್ಡಿನಲ್ಲಿ ಏನಿದೆ ಎಂದು ತನಗೆ ಗೊತ್ತಿರಲಿಲ್ಲ ಎನ್ನಲು ಈ ಊರಿನಲ್ಲಿ ಎಲ್ಲರಿಗೂ ಹಕ್ಕಿದೆ," ಎಂದರು ನ್ಯಾಯಾಧೀಶರು, "ಅದನ್ನು ಬರೆದವನೊಬ್ಬನನ್ನು ಬಿಟ್ಟು." ಬೇಡವೆಂದರೂ ಚಿಲಕ ತೆಗೆದು ಒಳಹೊಕ್ಕಿದ್ದಕ್ಕೆ ಹದಿನೈದು ದಿನದ ಸಾದಾ ಸಜೆ.

ನಲವತ್ತು ಜನ ಗೆದ್ದು ಮನೆಗೆ ಹೋದರು. ಅವರಲ್ಲೊಬ್ಬನೂ ಬೋರ್ಡಣ್ಣನ ಹತ್ತಿರ ಬರಲಿಲ್ಲ. ಹೆಂಡತಿ ಮಾತ್ರ ಬಂದು, ಬಟ್ಟೆಯ ಚೀಲ ಕೊಟ್ಟು, "ಬೆಳಿಗ್ಗೆ ಚಳಿ ಇರುತ್ತೆ, ಮಫ್ಲರ್ ಇಟ್ಟಿದ್ದೀನಿ ರೀ," ಎಂದಳು. ಅಷ್ಟು ದಿನಗಳಲ್ಲಿ ಅವಳು ಮೆತ್ತಗೆ ಆಡಿದ ಮೊದಲ ಮಾತು ಅದು.

ಪೊಲೀಸ್ ವ್ಯಾನಿನ ತನಕ ಬಾಮೈದ ಪಕ್ಕದಲ್ಲೇ ನಡೆದ. ಎಡಕ್ಕೊಬ್ಬ ಪೊಲೀಸು, ಬಲಕ್ಕೊಬ್ಬ. ಎರಡು ಮಾರು ದೂರದಲ್ಲಿ ಸೋತ ಸರ್ಕಾರಿ ವಕೀಲರು ಫೈಲು ಕಟ್ಟುತ್ತ ನಿಂತಿದ್ದರು. ಅವರ ಕಿವಿ ಮಾತ್ರ ಈ ಕಡೆಗೇ ಇತ್ತು.

"ತಪ್ಪಾಯ್ತು ಕಣೋ," ಎಂದ ಬೋರ್ಡಣ್ಣ. "ನನ್ನಿಂದ ನಿನ್ನ ಮಕ್ಕಳು ಡಬ್ಬಗಳ ಮಧ್ಯೆ ಮಲಗೋ ಹಾಗಾಯ್ತು."

ಬಾಮೈದನ ಮನಸ್ಸಿನಲ್ಲಿ ಬೇರೇನೋ ಕೊರೆಯುತ್ತಿತ್ತು. "ಭಾವ, ಮಾಸ್ತರು ಅಷ್ಟು ಹೊಗಳಿದ್ರು. ನನಗೊಬ್ಬನಿಗಾದ್ರೂ ನಿಜ ಹೇಳಿ. ಆ ಬೋರ್ಡು ನಿಜವಾಗ್ಲೂ ಕೆಟ್ಟಿತ್ತಾ?"

ಮೂವತ್ತು ವರ್ಷದ ಮರ್ಯಾದೆಯೆಲ್ಲ ಒಮ್ಮೆಗೇ ಬೋರ್ಡಣ್ಣನ ನಾಲಿಗೆಯ ತುದಿಗೆ ಬಂತು. ಎಂದಾದರೂ ಒಬ್ಬರು ಕೇಳಲಿ ಎಂದು ಅವನು ಕಾದಿದ್ದ ಪ್ರಶ್ನೆ ಅದು. ಅವನು ಬಾಮೈದನ ಮುಖ ನೋಡಿದ, ಬಲಗಡೆಯ ಪೊಲೀಸನ ಕಿವಿ ನೋಡಿದ, ಫೈಲಿನ ದಾರ ಕಟ್ಟುವುದನ್ನು ನಿಲ್ಲಿಸಿದ್ದ ವಕೀಲರ ಬೆರಳು ನೋಡಿದ.

"ಕೆಟ್ಟಿತ್ತು ಕಣೋ," ಎಂದ. "ತುಂಬಾ ಕೆಟ್ಟಿತ್ತು. ನೀನು ನಾಳೆ ಹೊತ್ತಿಗೆ ಸರಿಯಾಗಿ ಡ್ಯೂಟಿಗೆ ಹೋಗು."